130 ಹಡಗು ತಂದ ಸ್ಪೇನ್ ಯಾಕೆ ಸೋತಿತು? 1588ರ ಆರ್ಮಡಾದಲ್ಲಿ ಯಾರ ಬಳಿ ಏನಿತ್ತು?

ದೊಡ್ಡ ಸ್ಪೇನ್, ಚಿಕ್ಕ ಇಂಗ್ಲೆಂಡ್, ಕೊನೆಗೆ ಬಿರುಗಾಳಿ ಬಂದು ಎಲ್ಲಾ ಮುಳುಗಿಸಿತು. 1588ರ ಕಥೆ ಸಾಮಾನ್ಯವಾಗಿ ಇಷ್ಟರಲ್ಲೇ ಮುಗಿಯುತ್ತೆ. ಎರಡೂ ಕಡೆಯ ಲೆಕ್ಕ ತೆಗೆದು ನೋಡಿದರೆ ವಿಷಯ ಬೇರೆಯೇ ಇದೆ.

ಆಗ ಸ್ಪೇನಿನ ದೊರೆ ಎರಡನೇ ಫಿಲಿಪ್. 1580ರಿಂದ ಪೋರ್ಚುಗಲ್ ಕೂಡ ಇವನದ್ದೇ. ಅಂದರೆ ನಮ್ಮ ಪಕ್ಕದ ಗೋವಾದಲ್ಲಿ ಆಳುತ್ತಿದ್ದ ಪೋರ್ಚುಗೀಸರಿಗೂ ಅವನೇ ದೊರೆ. ಇಂಗ್ಲೆಂಡಿನ ರಾಣಿ ಎಲಿಜಬೆತ್ ಡಚ್ ಬಂಡುಕೋರರಿಗೆ ನೆರವು ಕೊಡುತ್ತಿದ್ದಳು, ಅವಳ ಕಡೆಯವರು ಸ್ಪೇನಿನ ಹಡಗು ದೋಚುತ್ತಿದ್ದರು. ಜೊತೆಗೆ ಕ್ಯಾಥೊಲಿಕ್–ಪ್ರಾಟೆಸ್ಟೆಂಟ್ ಜಗಳ. ಅವಳನ್ನು ಇಳಿಸಲೇಬೇಕೆಂದು ಫಿಲಿಪ್ ಹೊರಟ.

ಹಡಗಿನ ಲೆಕ್ಕ

ಸ್ಪೇನ್ ಕಡೆ ಸುಮಾರು 130 ಹಡಗು, 2,400ರಷ್ಟು ಫಿರಂಗಿ. ನಾವಿಕರು 8 ಸಾವಿರ, ಸೈನಿಕರು 18 ಸಾವಿರಕ್ಕೂ ಹೆಚ್ಚು. ಈ ಪಟ್ಟಿಯನ್ನು ಲಿಸ್ಬನ್‌ನಲ್ಲಿ ಅಚ್ಚು ಹಾಕಿಸಿಯೇ ಹೊರಟರು! ಶತ್ರುಗಳ ಕೈಗೂ ಅದು ಸಿಕ್ಕಿತು. ಆದರೆ 130ರಲ್ಲಿ ಬಹಳಷ್ಟು ಸಾಮಾನು ಹೊರುವ ಹಡಗುಗಳು. ನಿಜವಾದ ಯುದ್ಧದ ಹಡಗುಗಳಲ್ಲಿ ಒಳ್ಳೆಯವು ಪೋರ್ಚುಗಲ್‌ನಿಂದ ಬಂದವು. ದಂಡನಾಯಕನಿದ್ದ ‘ಸಾನ್ ಮಾರ್ಟಿನ್’ ಕೂಡ ಅಲ್ಲಿಯದೇ.

ಇಂಗ್ಲೆಂಡ್ ಕಡೆ ಎಣಿಸಿದರೆ ಸುಮಾರು 200! ಸಂಖ್ಯೆಯಲ್ಲಿ ಇವರೇ ಮುಂದೆ. ಅದರಲ್ಲಿ ರಾಣಿಯ ಸ್ವಂತದ್ದು 34 ಮಾತ್ರ, ಉಳಿದವು ವ್ಯಾಪಾರಿಗಳು, ಬಂದರು ಊರಿನವರು ಕೊಟ್ಟ ಹಡಗುಗಳು. ಇಂಗ್ಲೆಂಡಿನವೆಲ್ಲ ಪುಟ್ಟ ಹಡಗು ಅನ್ನೋದೂ ಸರಿಯಲ್ಲ. ಫ್ರೋಬಿಷರ್ ನಡೆಸುತ್ತಿದ್ದ ‘ಟ್ರಯಂಫ್’ 1,100 ಟನ್ನಿನದು.

ವ್ಯತ್ಯಾಸ ಇದ್ದಿದ್ದು ಕಟ್ಟುವ ರೀತಿಯಲ್ಲಿ. ಜಾನ್ ಹಾಕಿನ್ಸ್ ಉಸ್ತುವಾರಿಯಲ್ಲಿ ರಾಣಿಯ ಹಡಗುಗಳ ಮೇಲಿನ ಎತ್ತರದ ಕಟ್ಟಡ ತಗ್ಗಿಸಿ, ಮೈ ಉದ್ದ ಮಾಡಿದ್ದರು. ಅವು ಬೇಗ ತಿರುಗುತ್ತಿದ್ದವು. ಸ್ಪೇನಿನವರದ್ದು ಹಳೇ ಪದ್ಧತಿ: ಒಮ್ಮೆ ಗುಂಡು ಹಾರಿಸು, ಪಕ್ಕಕ್ಕೆ ಹೋಗಿ ಕೊಕ್ಕೆ ಹಾಕು, ಸೈನಿಕರನ್ನು ಹತ್ತಿಸು. ಇಂಗ್ಲಿಷರು ಹತ್ತಿರಕ್ಕೇ ಬರಲಿಲ್ಲ.

ಫಿರಂಗಿಯ ಗಾಡಿ

ಇಲ್ಲೊಂದು ಚಿಕ್ಕ ವಿಷಯ, ಪರಿಣಾಮ ಮಾತ್ರ ದೊಡ್ಡದು. ಇಂಗ್ಲಿಷರ ಫಿರಂಗಿ ಕೂತಿದ್ದು ನಾಲ್ಕು ಚಿಕ್ಕ ಗಾಲಿಯ ಗಿಡ್ಡ ಗಾಡಿ ಮೇಲೆ. ಒಳಗೆ ಎಳೆದು, ತುಂಬಿ, ಮತ್ತೆ ಹಾರಿಸುವುದು ಸುಲಭ. ಸ್ಪೇನಿನ ಎಷ್ಟೋ ಹಡಗಿನಲ್ಲಿ ನೆಲದ ಮೇಲಿನ ಯುದ್ಧಕ್ಕೆ ಬಳಸುವಂಥ ಎರಡು ದೊಡ್ಡ ಗಾಲಿ, ಹಿಂದೆ ಉದ್ದನೆಯ ಬಾಲದ ಗಾಡಿ. ಇಕ್ಕಟ್ಟಿನ ಹಡಗಿನಲ್ಲಿ ಅದನ್ನು ತಿರುಗಿಸೋದೇ ಕಷ್ಟ. ಐರ್ಲೆಂಡ್ ಕರಾವಳಿಯಲ್ಲಿ 1971ರಲ್ಲಿ ಸಿಕ್ಕ ‘ಟ್ರಿನಿಡಾಡ್ ವಾಲೆನ್ಸೆರಾ’ ಹಡಗಿನ ಅವಶೇಷ ಇದನ್ನೆಲ್ಲ ತಿಳಿಯಲು ನೆರವಾಯಿತು.

ಪೀಪಾಯಿ ಸೋರಿತು

ದಿನಸಿ ಅಂಗಡಿ ನಡೆಸುವವರಿಗೆ ಇದು ಬೇಗ ಅರ್ಥವಾಗುತ್ತೆ. 1587ರಲ್ಲಿ ಡ್ರೇಕ್ ಕಾಡಿಸ್ ಬಂದರಿಗೆ ನುಗ್ಗಿದ. ಅದೇ ದಂಡಯಾತ್ರೆಯಲ್ಲಿ ಪೀಪಾಯಿ ಮಾಡಲು ಒಣಗಿಸಿಟ್ಟಿದ್ದ ಮರದ ಪಟ್ಟಿಗಳ ರಾಶಿಯನ್ನೂ ಸುಟ್ಟು ಹಾಕಿದ. ಆಮೇಲೆ ಹಸಿ ಮರದ ಪೀಪಾಯಿಯೇ ಗತಿ. ನೀರು ಸೋರಿತು, ತಿನ್ನುವ ಪದಾರ್ಥ ಕೊಳೆಯಿತು. ಇಂಗ್ಲೆಂಡ್ ಕಾಣುವ ಮೊದಲೇ ಆರ್ಮಡಾ ಲಾ ಕೊರೂನ್ಯ ಬಂದರಿನಲ್ಲಿ ನಿಂತು ರಿಪೇರಿ ಮಾಡಿಸಿ, ಸಾಮಾನು ತುಂಬಿಸಿಕೊಳ್ಳಬೇಕಾಯ್ತು.

ನಾಯಕನ ವಿಷಯಕ್ಕೆ ಬಂದರೆ, ಅನುಭವಿ ಸಾಂತಾ ಕ್ರೂಸ್ ಆ ಫೆಬ್ರವರಿಯಲ್ಲೇ ತೀರಿಕೊಂಡ. ಆ ಜಾಗಕ್ಕೆ ಬಂದ ಮೆದೀನಾ ಸಿದೋನಿಯಾ ಡ್ಯೂಕ್, ತನಗೆ ಸಮುದ್ರದ ಅನುಭವ ಇಲ್ಲ, ಹಡಗು ಹತ್ತಿದರೆ ಆರೋಗ್ಯ ಕೆಡುತ್ತೆ ಎಂದು ದೊರೆಗೆ ಬರೆದಿದ್ದ. ಆದರೂ ಅವನನ್ನೇ ಕಳಿಸಿದರು. ಅವನನ್ನು ದಡ್ಡ ಅನ್ನುವವರಿದ್ದಾರೆ, ಅದು ಅನ್ಯಾಯ. ಒಂದು ವಾರ ಕಾಲುವೆಯುದ್ದಕ್ಕೂ ಇಂಗ್ಲಿಷರು ಬೆನ್ನಟ್ಟಿದರೂ ಅವನ ಅರ್ಧಚಂದ್ರದ ಸಾಲು ಒಡೆಯಲಿಲ್ಲ.

ಯೋಜನೆಯಲ್ಲೇ ತೂತು

ಆರ್ಮಡಾ ಫ್ಲಾಂಡರ್ಸ್‌ಗೆ ಹೋಗಿ, ಅಲ್ಲಿದ್ದ ಪಾರ್ಮಾ ಡ್ಯೂಕ್‌ನ ಸೈನ್ಯಕ್ಕೆ ಕಾವಲಾಗಿ ನಿಂತು ಇಂಗ್ಲೆಂಡಿಗೆ ದಾಟಿಸಬೇಕಿತ್ತು. ಆದರೆ ಆ ತೀರದಲ್ಲಿ ನೀರಿನ ಆಳ ಕಮ್ಮಿ, ದೊಡ್ಡ ಹಡಗು ಹತ್ತಿರ ಹೋಗಲಾರದು. ಪಾರ್ಮಾನ ದೋಣಿಗಳು ಹೊರಗೆ ಬಂದರೆ ಡಚ್ಚರ ಚಿಕ್ಕ ಹಡಗುಗಳು ಕಾಯುತ್ತಿದ್ದವು. ಸುದ್ದಿ ಮುಟ್ಟಿದ್ದೂ ತಡ. ಈ ಗಂಟನ್ನು ಬಿಡಿಸದೇ ಫಿಲಿಪ್ ಹಡಗು ಕಳಿಸಿದ್ದ. ಸೋಲಿಗೆ ಗಾಳಿಗಿಂತ ದೊಡ್ಡ ಕಾರಣ ಇದೇ.

ಆಗಸ್ಟ್ 7ರ ರಾತ್ರಿ ಕಲೇ ಎದುರು ಲಂಗರು ಹಾಕಿದ್ದ ಆರ್ಮಡಾ ಕಡೆಗೆ ಇಂಗ್ಲಿಷರು ಬೆಂಕಿ ಹಚ್ಚಿದ 8 ಹಡಗು ಬಿಟ್ಟರು. ಒಂದೂ ತಗುಲಲಿಲ್ಲ. ಆದರೆ ಗಾಬರಿಯಲ್ಲಿ ಹೆಚ್ಚಿನವರು ಲಂಗರಿನ ಹಗ್ಗ ಕಡಿದು ಚದುರಿದರು. ಮರುದಿನ ಗ್ರಾವ್‌ಲೀನ್ ಬಳಿ ಇಂಗ್ಲಿಷರು ಹತ್ತಿರದಿಂದಲೇ ಹೊಡೆದರು, ಮದ್ದು ಮುಗಿಯುತ್ತಾ ಬರುವವರೆಗೂ. (ಆಗಿನ ಇಂಗ್ಲಿಷ್ ಪಂಚಾಂಗ 10 ದಿನ ಹಿಂದಿತ್ತು, ಹಾಗಾಗಿ ಕೆಲವು ಪುಸ್ತಕದಲ್ಲಿ ಇದು ಜುಲೈ 29.)

ಗಾಳಿ ಉತ್ತರಕ್ಕೆ ತಳ್ಳಿತು. ಸ್ಕಾಟ್ಲೆಂಡ್, ಐರ್ಲೆಂಡ್ ಸುತ್ತಿ ಊರಿಗೆ ಮರಳುವಾಗ ಲಂಗರಿಲ್ಲದ ಹಡಗುಗಳು ಬಂಡೆಗೆ ಬಡಿದವು. ಮೂರರಲ್ಲಿ ಒಂದು ಭಾಗದಷ್ಟು ಹಡಗು ಹೋಯಿತು, ಜನ ಸಾವಿರಾರು.

ಗೆದ್ದವರ ಕಥೆಯೂ ಚೆನ್ನಾಗಿಲ್ಲ. ಹೊಡೆದಾಟದಲ್ಲಿ ಸತ್ತ ಇಂಗ್ಲಿಷರು ಸುಮಾರು ನೂರು. ಆಮೇಲೆ ಜ್ವರ, ಭೇದಿಯಿಂದ ಸತ್ತವರೇ ಸಾವಿರಾರು. ಖಜಾನೆಯಿಂದ ಸಂಬಳ ಬರಲಿಲ್ಲ. ದಂಡನಾಯಕ ಹೋವರ್ಡ್ ತನ್ನ ಕೈಯಿಂದ ಖರ್ಚು ಮಾಡಿ, ದುಡಿದವರು ಹೀಗೆ ಬೀದಿಯಲ್ಲಿ ಸಾಯುತ್ತಿದ್ದಾರೆ ಎಂದು ಪತ್ರದ ಮೇಲೆ ಪತ್ರ ಬರೆದ. 1590ರ ಸುಮಾರಿಗೆ ಗಾಯಾಳು ನಾವಿಕರಿಗಾಗಿ ‘ಚಾಥಮ್ ಚೆಸ್ಟ್’ ಎಂಬ ನಿಧಿ ಶುರುವಾಯಿತು. ಅದಕ್ಕೂ ದುಡ್ಡು ಹೊಂದಿಸಿದ್ದು ನಾವಿಕರ ಸಂಬಳದಿಂದಲೇ, ತಿಂಗಳಿಗೆ 6 ಪೆನ್ಸ್ ಮುರಿದುಕೊಂಡು.