ಜೇನ್ ಆಸ್ಟೆನ್: ಸಾಹಿತ್ಯಕೀರ್ತಿಯ ಚರಿತ್ರೆ

ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟೆನ್ (1775–1817) ಹ್ಯಾಂಪ್‌ಷೈರಿನ ಸ್ಟೀವೆಂಟನ್ ಹಳ್ಳಿಯ ಪಾದ್ರಿಯೊಬ್ಬನ ಮಗಳು. ಈಕೆಯ ಕೀರ್ತಿ ನಿಂತಿರುವುದು ಆರು ಕಾದಂಬರಿಗಳ ಮೇಲೆ. ಅವುಗಳಲ್ಲಿ ನಾಲ್ಕು ಆಕೆ ಬದುಕಿದ್ದಾಗಲೇ ಹೊರಬಂದರೂ ಒಂದರ ಮೇಲೂ ಹೆಸರಿರಲಿಲ್ಲ. 1811ರಲ್ಲಿ ಅಚ್ಚಾದ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಒಬ್ಬ ಮಹಿಳೆ ಬರೆದದ್ದೆಂದಷ್ಟೇ ಓದುಗರಿಗೆ ತಿಳಿದಿತ್ತು. ‘ಪ್ರೈಡ್ ಅಂಡ್ ಪ್ರೆಜುಡಿಸ್’ನ (1813) ಹಕ್ಕನ್ನು ಪ್ರಕಾಶಕ ಥಾಮಸ್ ಎಗರ್ಟನ್‌ಗೆ 110 ಪೌಂಡಿಗೆ ಮಾರಿಬಿಟ್ಟದ್ದರಿಂದ ಮುಂದಿನ ಮುದ್ರಣಗಳ ಲಾಭದಲ್ಲಿ ಆಕೆಗೆ ಚಿಕ್ಕಾಸೂ ದಕ್ಕಲಿಲ್ಲ. ಅಣ್ಣ ಹೆನ್ರಿ ಉಳಿದೆರಡು ಕಾದಂಬರಿಗಳನ್ನು 1817ರ ಕೊನೆಗೆ ಹೊರತಂದು, ಅವಕ್ಕೆ ಬರೆದ ಪರಿಚಯದಲ್ಲಿ ತಂಗಿಯ ಹೆಸರು ಹೇಳಿದ. ಅಷ್ಟರಲ್ಲಿ ಆಕೆ ತೀರಿಕೊಂಡು ಐದು ತಿಂಗಳಾಗಿತ್ತು. ವಿಂಚೆಸ್ಟರ್ ಕೆಥೀಡ್ರಲ್‌ನ ಸಮಾಧಿಗಲ್ಲು ಆಕೆಯ ಒಳ್ಳೆಯತನವನ್ನೂ ಬುದ್ಧಿಯನ್ನೂ ಕೊಂಡಾಡುತ್ತದೆ. ಕಾದಂಬರಿ ಬರೆದಳೆಂಬ ಮಾತನ್ನೇ ಎತ್ತುವುದಿಲ್ಲ.

ಮೊದಲ ಅರ್ಧ ಶತಮಾನ ಓದುಗರು ಕಡಿಮೆ, ಆದರೆ ಓದಿದವರು ದೊಡ್ಡವರು. ವಾಲ್ಟರ್ ಸ್ಕಾಟ್ ‘ಎಮ್ಮಾ’ವನ್ನು ‘ಕ್ವಾರ್ಟರ್ಲಿ ರಿವ್ಯೂ’ನಲ್ಲಿ ಮೆಚ್ಚಿ ವಿಮರ್ಶಿಸಿದ. 1843ರಲ್ಲಿ ಮೆಕಾಲೆ ಪಾತ್ರಸೃಷ್ಟಿಯ ಮಾತು ಬಂದಾಗ ಆಕೆಯ ಹೆಸರನ್ನು ಶೇಕ್ಸ್‌ಪಿಯರನ ಪಕ್ಕದಲ್ಲಿಟ್ಟ. ಶಾರ್ಲೆಟ್ ಬ್ರಾಂಟೆಗೆ ಮಾತ್ರ ಈ ಬರಹ ರುಚಿಸಲಿಲ್ಲ. ಚೊಕ್ಕವಾಗಿದೆ, ಆವೇಗವಿಲ್ಲ ಎಂಬುದು ಅವಳ ದೂರು.

1869ರ ಕೊನೆಯಲ್ಲಿ ಸೋದರಳಿಯ ಜೇಮ್ಸ್ ಎಡ್ವರ್ಡ್ ಆಸ್ಟೆನ್-ಲೀ ಬರೆದ ಜೀವನಚರಿತ್ರೆ ಹೊರಬಂದಾಗ ಜನಪ್ರಿಯತೆ ಶುರುವಾಯಿತು. ಕೆಥೀಡ್ರಲ್ ನೋಡಲು ಬಂದವನೊಬ್ಬ ಆಸ್ಟೆನ್‌ಳ ಸಮಾಧಿ ಎಲ್ಲಿ ಎಂದು ವಿಚಾರಿಸಿದಾಗ, ಆ ಹೆಂಗಸಿನಲ್ಲಿ ಅಂಥದ್ದೇನಿತ್ತು ಎಂದು ಅಲ್ಲಿನ ನೌಕರನೇ ತಿರುಗಿ ಕೇಳಿದ ಪ್ರಸಂಗ ಅದರಲ್ಲಿದೆ. ಈ ಪುಸ್ತಕ ಉಪಕಾರವನ್ನೂ ಮಾಡಿತು, ಅಪಕಾರವನ್ನೂ ಮಾಡಿತು. ಅಕ್ಕ ಕಸ್ಸಾಂಡ್ರಾ ಸುಮಾರು 1810ರಲ್ಲಿ ಬರೆದ ಚಿಕ್ಕ ರೇಖಾಚಿತ್ರದಲ್ಲಿ ಆಸ್ಟೆನ್ ಕೈಕಟ್ಟಿ ಕುಳಿತಿದ್ದಾಳೆ. ತುಟಿ ಬಿಗಿದಿದೆ, ನೋಟ ಚೂಪಾಗಿದೆ. ಜೀವನಚರಿತ್ರೆಗಾಗಿ ಅದನ್ನು ತಿದ್ದಿ ದುಂಡುಮುಖದ, ಸೌಮ್ಯ ಕಣ್ಣಿನ ಅತ್ತೆಯನ್ನಾಗಿ ಮಾಡಲಾಯಿತು. 2017ರಲ್ಲಿ ಬಂದ ಹತ್ತು ಪೌಂಡಿನ ನೋಟಿನ ಮೇಲೂ ಈ ತಿದ್ದಿದ ಮುಖವೇ ಇದೆ. ಹಣ, ಹೊಟ್ಟೆಕಿಚ್ಚು, ಸ್ವಾರ್ಥಗಳನ್ನು ಅಷ್ಟು ನಿಷ್ಠುರವಾಗಿ ಕಂಡವಳನ್ನು ಬಹುಕಾಲ ಮೃದು ಸ್ವಭಾವದ ಮನೆವಾರ್ತೆಗಾರ್ತಿಯೆಂದು ಓದಿದ್ದಕ್ಕೆ ಆ ತಿದ್ದುವಿಕೆಯೂ ಒಂದು ಕಾರಣ.

ಆಸ್ಟೆನ್‌ಳ ಭಕ್ತರಿಗೆ ‘ಜೇನೈಟ್’ ಎಂಬ ಹೆಸರು 1890ರ ದಶಕದಲ್ಲಿ ಬಂತು. ಇದೇ ಹೆಸರಿನ ಕಿಪ್ಲಿಂಗನ ಕತೆಯಲ್ಲಿ (1924) ಮೊದಲ ಮಹಾಯುದ್ಧದ ಸೈನಿಕರು ತಮ್ಮ ಫಿರಂಗಿಗಳಿಗೆ ಆಸ್ಟೆನ್‌ಳ ಪಾತ್ರಗಳ ಹೆಸರಿಡುತ್ತಾರೆ. ಅದರ ಹಿಂದಿನ ವರ್ಷವೇ ಆರ್. ಡಬ್ಲ್ಯು. ಚಾಪ್‌ಮನ್ ಆಕ್ಸ್‌ಫರ್ಡ್‌ನಿಂದ ಪಾಠಾಂತರಗಳ ಸಮೇತ ಪರಿಷ್ಕೃತ ಸಂಪುಟಗಳನ್ನು ತಂದಿದ್ದ. ಡಿ. ಡಬ್ಲ್ಯು. ಹಾರ್ಡಿಂಗ್‌ನ 1940ರ ಪ್ರಬಂಧ ಸೌಮ್ಯ ಅತ್ತೆಯ ಚಿತ್ರವನ್ನು ಕೆಡವಿ, ಆಕೆಯ ಬರಹದೊಳಗೆ ಸಮಾಜದ ಬಗ್ಗೆ ಹದಮೀರದ ದ್ವೇಷವಿದೆ ಎಂದು ವಾದಿಸಿತು. 1948ರಲ್ಲಿ ಎಫ್. ಆರ್. ಲೀವಿಸ್ ಇಂಗ್ಲಿಷ್ ಕಾದಂಬರಿಯ ಮಹಾಪರಂಪರೆಯನ್ನು ಆಕೆಯಿಂದಲೇ ಆರಂಭಿಸಿದ. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನ ಬಂಗಲೆ ನಡೆಯುವುದು ಆಂಟಿಗುವಾದ ತೋಟದ ದುಡ್ಡಿನಿಂದ, ಅದರ ಹಿಂದಿನ ಗುಲಾಮಗಿರಿಯನ್ನು ಕಾಣದೆ ಕಾದಂಬರಿ ಓದಲಾಗದು ಎಂದು ಎಡ್ವರ್ಡ್ ಸೈದ್ 1993ರಲ್ಲಿ ತೋರಿಸಿದ.

ಆದರೂ ಆಸ್ಟೆನ್ ಬಿಟ್ಟುಹೋದ ದೊಡ್ಡ ಆಸ್ತಿ ಆಕೆಯ ಕಥನಕ್ರಮವೇ. ಕತೆ ಹೇಳುವ ದನಿ ಹೊರಗಿನದು. ಆದರೆ ವಾಕ್ಯದ ನಡುವೆ ಪಾತ್ರದ ಮನಸ್ಸು ತನ್ನ ಧಾಟಿ, ತನ್ನ ಭ್ರಮೆಗಳೊಂದಿಗೆ ಆ ದನಿಯೊಳಕ್ಕೆ ನುಸುಳುತ್ತದೆ. ‘ಎಂದುಕೊಂಡಳು’ ಎಂಬ ಸುಳಿವೂ ಇರುವುದಿಲ್ಲ. ‘ಎಮ್ಮಾ’ ಕಾದಂಬರಿಯ ನಾಯಕಿ ಎಮ್ಮಾ ತನ್ನ ಗೆಳತಿ ಹ್ಯಾರಿಯೆಟ್‌ಳ ಚಿತ್ರ ಬರೆಯುತ್ತಾಳೆ. ಪಾದ್ರಿ ಎಲ್ಟನ್ ಅದನ್ನು ಹಾಡಿಹೊಗಳಿ, ಚೌಕಟ್ಟು ಹಾಕಿಸಲು ತಾನೇ ಲಂಡನ್ನಿಗೆ ಒಯ್ಯುತ್ತಾನೆ. ಅವನು ಹ್ಯಾರಿಯೆಟ್‌ಗೆ ಒಲಿದಿದ್ದಾನೆಂದು ಎಮ್ಮಾಳ ಜೊತೆ ನಾವೂ ನಂಬುತ್ತೇವೆ. ಕ್ರಿಸ್‌ಮಸ್ ಹಿಂದಿನ ರಾತ್ರಿ, ಗಾಡಿಯಲ್ಲಿ ಇಬ್ಬರೇ ಇರುವಾಗ, ಅವನು ಎಮ್ಮಾಳನ್ನೇ ಮದುವೆಯಾಗೆಂದು ಕೇಳುತ್ತಾನೆ. ಹಿಂದಿನ ಪುಟಗಳಿಗೆ ಮರಳಿದರೆ ಅವನು ಹೊಗಳಿದ್ದು ಚಿತ್ರ ಬರೆದವಳನ್ನು ಎಂಬುದಕ್ಕೆ ಹೆಜ್ಜೆಹೆಜ್ಜೆಗೂ ಗುರುತಿದೆ. ನಮಗೆ ಯಾರೂ ಸುಳ್ಳು ಹೇಳಿರಲಿಲ್ಲ. ಎಮ್ಮಾಳ ಕಣ್ಣನ್ನು ನಾವು ಎರವಲು ಪಡೆದಿದ್ದೆವು. ಹೆನ್ರಿ ಜೇಮ್ಸ್, ವರ್ಜೀನಿಯಾ ವುಲ್ಫ್ ಅವರ ಕಾಲಕ್ಕೆ ಈ ವಿಧಾನ ಕಾದಂಬರಿಯ ಮುಖ್ಯ ಸಾಧನವಾಯಿತು.

ರೂಪಾಂತರಗಳಂತೂ ಹಲವು. ‘ಪ್ರೈಡ್ ಅಂಡ್ ಪ್ರೆಜುಡಿಸ್’ ಆಧರಿಸಿದ ಬಿಬಿಸಿಯ 1995ರ ಧಾರಾವಾಹಿ ಜಗತ್ಪ್ರಸಿದ್ಧ. ಅದೇ ಕಾದಂಬರಿ 1985ರಲ್ಲಿ ದೂರದರ್ಶನದ ‘ತೃಷ್ಣಾ’ ಆಯಿತು. ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ 2000ದಲ್ಲಿ ರಾಜೀವ್ ಮೆನನ್‌ರ ತಮಿಳು ಚಿತ್ರ ‘ಕಂಡುಕೊಂಡೇನ್ ಕಂಡುಕೊಂಡೇನ್’ ಆಯಿತು. ಗಂಡು ವಾರಸುದಾರನಿಗೆ ಆಸ್ತಿ ಹೋಗಿ ಹೆಣ್ಣುಮಕ್ಕಳು ಬೀದಿಗೆ ಬರುವ ಕತೆಗೆ ಭಾರತದಲ್ಲಿ ಟಿಪ್ಪಣಿ ಬೇಕಾಗಲಿಲ್ಲ. ಇಂಥ ಚಿತ್ರಗಳಲ್ಲಿ ಉಡುಪು, ಬಂಗಲೆ, ನೃತ್ಯ ಉಳಿಯುತ್ತವೆ; ನಿರೂಪಣೆಯ ದನಿ ಸಾಮಾನ್ಯವಾಗಿ ಕಳೆದುಹೋಗುತ್ತದೆ. ‘ಎಮ್ಮಾ’ವನ್ನು ಬೆವರ್ಲಿ ಹಿಲ್ಸ್‌ನ ಶಾಲೆಗೆ ಒಯ್ದ ಏಮಿ ಹೆಕರ್ಲಿಂಗ್‌ಳ ‘ಕ್ಲೂಲೆಸ್’ (1995) ಇದಕ್ಕೆ ಅಪವಾದ. ಅಲ್ಲಿ ನಾಯಕಿ ಶೇರ್ ತನ್ನ ಕತೆಯನ್ನು ತಾನೇ ಹೇಳುತ್ತಾ ಹೋಗುತ್ತಾಳೆ. ಅವಳು ಖಚಿತವಾಗಿ ಹೇಳಿದ್ದು ತಪ್ಪೆಂದು ತೆರೆಯ ಮೇಲಿನ ದೃಶ್ಯ ಅದೇ ಗಳಿಗೆಯಲ್ಲಿ ತೋರಿಸುತ್ತದೆ.