ಕಂಬಳಿಯ ಮರ್ಯಾದೆ

ಬಳ್ಳಾರಿಯ ಸೀಮೆಯೆಂದೊಡನೆ ಪರಸ್ಥಳದವರ ಮನಸ್ಸಿಗೆ ಮೊದಲು ಬರುವುದು ಬಿಸಿಲು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಪಡುವಣ ತಾಲ್ಲೂಕುಗಳ ವಿಷಯದಲ್ಲಿ ಈ ಭಾವನೆಯು ಅರ್ಧ ಮಾತ್ರ ನಿಜ. ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಇಲ್ಲಿನ ಆಕಾಶದಲ್ಲಿ ಮೋಡವಿರುವುದು ಅಪೂರ್ವ. ಗಾಳಿಯಲ್ಲಿ ತೇವವೂ ಕಡಿಮೆ. ಹಗಲೆಲ್ಲ ಕಾದ ಎರೆಯ ಹೊಲವೂ ಕೆಂಪು ಮಸಾರಿಯೂ ಸೂರ್ಯನು ಮುಳುಗಿದೊಡನೆ ತಮ್ಮ ಕಾವನ್ನು ತಡೆಯಿಲ್ಲದೆ ಬಾನಿಗೆ ಬಿಟ್ಟುಕೊಡುತ್ತವೆ. ಬೆಳಗಿನ ಜಾವದ ಹೊತ್ತಿಗೆ ಉಷ್ಣತೆಯು 15 ಡಿಗ್ರಿಯ ಆಸುಪಾಸಿಗೆ ಇಳಿಯುವುದು. ಹಿಮ ಬೀಳುವ ದೇಶದವರಿಗೆ ಇದು ಚಳಿಯೆನಿಸದಿರಬಹುದು. ಮಧ್ಯಾಹ್ನದ ಬಿಸಿಲಿಗೆ ಪಳಗಿದ ಮೈಗಾದರೋ ಇದೇ ಸಾಕಷ್ಟು ಕಠಿನವಾದುದು. ಚಳಿಯು ಶಿವರಾತ್ರಿಯ ದಿನ 'ಶಿವಶಿವಾ' ಎಂದು ಹೊರಟುಹೋಗುವುದೆಂದು ಹಳ್ಳಿಯವರು ಹೇಳುವರು. ಅಲ್ಲಿಯವರೆಗೆ ಮೈಯನ್ನು ಬೆಚ್ಚಗಿಡಬೇಕು, ನಾಲ್ಕು ಜನರೆದುರಿಗೆ ಮಾನವಾಗಿಯೂ ಕಾಣಬೇಕು. ಈ ಎರಡು ಬೇಡಿಕೆಗಳನ್ನು ಈ ನಾಡು ಹೇಗೆ ಪೂರೈಸಿಕೊಂಡಿತೆಂಬುದರ ಕಥೆಯೇ ಕಂಬಳಿಯ ಕಥೆ.

ಕಂಬಳಿಯೆಂಬ ಮಾತು ಹಳೆಯದು. ಸಂಸ್ಕೃತದ 'ಕಂಬಲ'ವೂ ಇದೇ. ಕೌಟಿಲ್ಯನ ಅರ್ಥಶಾಸ್ತ್ರವು ಭಂಡಾರದಲ್ಲಿ ಇಡತಕ್ಕ ಬೆಲೆಬಾಳುವ ವಸ್ತುಗಳನ್ನು ಹೇಳುವ ಅಧ್ಯಾಯದಲ್ಲಿ ಮುತ್ತುರತ್ನಗಳ ಸಾಲಿನಲ್ಲಿಯೇ ಉಣ್ಣೆಯ ಹೊದಿಕೆಗಳನ್ನೂ ಎಣಿಸುವುದು. ಅವುಗಳಲ್ಲಿ ನೇಪಾಳದಿಂದ ಬರುವುದೊಂದು; ಅದು ಎಂಟು ತುಂಡುಗಳನ್ನು ಕೂಡಿಸಿ ಮಾಡಿದುದು, ಬಣ್ಣದಲ್ಲಿ ಕಪ್ಪು, ಮಳೆಯನ್ನು ತಡೆಯತಕ್ಕದ್ದು. ಕರಿಯ ಬಣ್ಣ, ಮಳೆಯನ್ನು ತಡೆಯುವ ಗುಣ ಇವೆರಡೂ ತುಂಗಭದ್ರೆಯ ದಂಡೆಯ ಕುರುಬರ ಕಂಬಳಿಗೂ ಸಲ್ಲುವ ಲಕ್ಷಣಗಳೇ. ಅಂಥದೇ ವಸ್ತುವು ಒಂದು ಕಡೆ ಅರಸನ ಭಂಡಾರದಲ್ಲಿಯೂ ಇನ್ನೊಂದು ಕಡೆ ಕುರಿಗಾಹಿಯ ಹೆಗಲಿನಲ್ಲಿಯೂ ಇದ್ದಿತೆಂಬುದನ್ನು ವಾಚಕರು ನೆನಪಿನಲ್ಲಿಡತಕ್ಕದ್ದು.

ಈ ತಾಲ್ಲೂಕುಗಳ ಕುರಿಯು ದಖನಿನ ಒರಟು ಉಣ್ಣೆಯ ಜಾತಿಗೆ ಸೇರಿದುದು. 'ಬಳ್ಳಾರಿ' ಎಂಬ ಹೆಸರಿನಿಂದಲೇ ಒಂದು ತಳಿಯು ಪಶುಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ. ವರ್ಷಕ್ಕೆ ಎರಡು ಸಲ ಕುರಿಗಳನ್ನು ಹಳ್ಳದಲ್ಲಿಯೋ ಕೆರೆಯಲ್ಲಿಯೋ ತೊಳೆದು ಉಣ್ಣೆಯನ್ನು ಕತ್ತರಿಸುವರು. ಮರಿಯ ಮೈಯಿಂದ ಮೊದಲ ಸಲ ತೆಗೆದ ಉಣ್ಣೆಯು ಎಲ್ಲಕ್ಕಿಂತ ಮೃದುವಾದುದು. ಮೇಲುತರದ ಕಂಬಳಿಗೆ ಅದೇ ಬೇಕು. ಕತ್ತರಿಸಿದುದನ್ನು ಬಿಲ್ಲಿನಿಂದ ಹಿಂಜಿ, ಹೆಂಗಸರು ರಾಟೆಯಲ್ಲಿ ನೂಲುವರು. ಹುಣಸೆಯ ಬೀಜವನ್ನು ಅರೆದು ಬೇಯಿಸಿದ ಸರಿಯನ್ನು ಹಾಸಿನ ನೂಲಿಗೆ ಹಚ್ಚಿ, ಒಣಗಿಸಿ, ಗಂಡಸರು ಕುಳಿಮಗ್ಗದಲ್ಲಿ ನೇಯುವರು. ನೇಯ್ದ ಮೇಲೆ ಕಂಬಳಿಗೆ ಮತ್ತೊಮ್ಮೆ ಸರಿಯನ್ನು ಕೊಡುವುದೂ ಉಂಟು. ಇದರಿಂದ ಹೊಸ ಕಂಬಳಿಯು ಬಿರುಸಾಗಿ ನಿಲ್ಲುವುದು. ಮಳೆಯ ಹನಿಯು ಒಳಗಿಳಿಯದೆ ಜಾರುವುದು. ಹೊಸದರಲ್ಲಿ ಮೈಗೆ ಚುಚ್ಚುವ ಕಂಬಳಿಯು ಬಳಸಿದಷ್ಟೂ ಮೆತ್ತಗಾಗುವುದರಿಂದ ಹಳೆಯ ಕಂಬಳಿಯನ್ನು ಕೊಡಲು ಯಾರೂ ಸುಲಭವಾಗಿ ಒಪ್ಪರು.

ಇದು ಬೆಚ್ಚಗಿರಿಸುವ ಬಗೆಯೂ ಗಮನಿಸತಕ್ಕದ್ದು. ಉಣ್ಣೆಯ ಎಳೆಯು ಹತ್ತಿಯ ಎಳೆಯಂತೆ ಮಲಗಿರುವುದಿಲ್ಲ, ಸುರುಳಿಗೊಂಡಿರುವುದು. ಆ ಸುರುಳಿಗಳ ನಡುವೆ ಸಿಕ್ಕ ಗಾಳಿಯು ಅಲುಗಾಡಲಾರದು. ಅಲುಗದ ಗಾಳಿಯೇ ಶಾಖವನ್ನು ಕಾಯುವ ಗೋಡೆ. ಮೇಲಾಗಿ ಉಣ್ಣೆಯು ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆಯೆನಿಸದು. ಹೀರುವಾಗ ಸ್ವಲ್ಪ ಕಾವನ್ನೂ ಹೊರಬಿಡುವುದು. ಇಬ್ಬನಿಯಲ್ಲಿ ರಾತ್ರಿಯೆಲ್ಲ ಹೊಲ ಕಾಯುವವನಿಗೆ ಇದಕ್ಕಿಂತ ಒಪ್ಪುವ ವಸ್ತ್ರವು ಬೇರೊಂದಿಲ್ಲ.

ಇನ್ನು ಅದರ ಚೆಲುವು. ಕರಿಯ ಕಂಬಳಿಯ ಕಪ್ಪು ಬಣ್ಣಗಾರನು ಕೊಟ್ಟುದಲ್ಲ, ಕುರಿಯೇ ಕೊಟ್ಟುದು. ಆದುದರಿಂದ ಅದು ಬಿಸಿಲಿಗೆ ಅಷ್ಟು ಬೇಗ ಮಾಸದು. ಅಂಚಿನಲ್ಲಿ ಬಿಳಿಯ ಉಣ್ಣೆಯ ಗೆರೆಗಳನ್ನು ಕೂಡಿಸಿದರೆ ಅಲಂಕಾರವು ಮುಗಿಯಿತು. ಅದನ್ನು ಧರಿಸುವ ರೀತಿಗಳಾದರೋ ಹಲವು. ತಲೆಯ ಮೇಲೆ ಮಡಿಚಿ ಬೆನ್ನಿಗೆ ಇಳಿಬಿಟ್ಟರೆ ಕೊಪ್ಪೆ. ಎಡಹೆಗಲ ಮೇಲೆ ನಾಲ್ಕು ಮಡಿಕೆ ಮಾಡಿ ಇಟ್ಟರೆ ಸಂತೆಗೆ ಹೊರಟ ಗೌಡನ ಗತ್ತು. ಎದೆಗೆ ಅಡ್ಡವಾಗಿ ಸುತ್ತಿ ತುದಿಯನ್ನು ಹಿಂದಕ್ಕೆ ಎಸೆದರೆ ಕೈಗಳೆರಡೂ ಕೆಲಸಕ್ಕೆ ಬಿಡುವು. ರಾತ್ರಿ ಹಾಸಿಗೆಯೂ ಅದೇ, ಹೊದಿಕೆಯೂ ಅದೇ. ಕಾಳು ತೂರುವಾಗ ನೆಲಹಾಸೂ ಅದೇ. ಕತ್ತರಿಯನ್ನೂ ಸೂಜಿಯನ್ನೂ ಬಯಸದ ಈ ವಸ್ತ್ರವು ಉಟ್ಟವನ ನಡೆಯಿಂದಲೇ ರೂಪವನ್ನು ಪಡೆಯುವುದು.

ಈ ಸೀಮೆಯಲ್ಲಿ ಕಂಬಳಿಯ ಮರ್ಯಾದೆಯು ಚಳಿಗಾಲಕ್ಕೆ ಮಾತ್ರ ಸೀಮಿತವಾದುದಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ನೆರೆಯುವ ಗೊರವರು ಮೈಲಾರಲಿಂಗನ ಪರಿವಾರದವರು. ಶಿವನು ಮಣಿಮಲ್ಲಾಸುರರನ್ನು ಕೊಲ್ಲಲು ಗೊರವನ ವೇಷವನ್ನು ತಾಳಿ ಏಳುಕೋಟಿ ಪಡೆಯೊಡನೆ ಬಂದನೆಂಬ ಐತಿಹ್ಯವು ಅವರದು. ಅವರ ದೀಕ್ಷೆಯ ಉಡುಪು ಕರಿಯ ಕಂಬಳಿ. ಬಿಲ್ಲನ್ನೇರಿ ಕಾರಣಿಕವನ್ನು ನುಡಿಯುವ ಗೊರವಯ್ಯನ ಮಾತನ್ನು ಲಕ್ಷಾಂತರ ಜನರು ಉಸಿರು ಬಿಗಿಹಿಡಿದು ಕೇಳುವರು. ಕುರುಬರ ಮದುವೆಗಳಲ್ಲಿಯೂ ಕೂಡ್ಲಿಗಿಯ ಕಡೆಯ ಮ್ಯಾಸಬೇಡರ ದೇವರ ಕಾರ್ಯಗಳಲ್ಲಿಯೂ ಕರಿಯ ಕಂಬಳಿಯನ್ನು ಹಾಸಿ ಗದ್ದುಗೆ ಮಾಡುವರು. ಆ ಗದ್ದುಗೆಯ ಮುಂದೆ ಆಡಿದ ಮಾತಿಗೆ ತಪ್ಪುವಂತಿಲ್ಲ. ಮಡಿವಂತರ ಮನೆಗಳಲ್ಲಿಯೂ ಉಣ್ಣೆಗೆ ಮೈಲಿಗೆಯಿಲ್ಲವೆಂಬ ನಂಬಿಕೆಯಿಂದ ಧಾಬಳಿಗೆ ಪೂಜೆಯ ಕೋಣೆಯಲ್ಲಿ ಪ್ರವೇಶವಿದ್ದಿತು.

ಹೀಗಿರಲು, ಶಿಷ್ಟರ ಉಡುಪಿನಿಂದ ಕಂಬಳಿಯು ದೂರವಾದುದು ಹೇಗೆ? ಇದಕ್ಕೆ ಉತ್ತರವು ಅರಮನೆಯ ಕಡೆಗೆ ಕರೆದೊಯ್ಯುವುದು. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ವಸ್ತ್ರೋಪಭೋಗಕ್ಕೇ ಒಂದು ಅಧ್ಯಾಯವಿದೆ. ಋತುವಿಗೆ ತಕ್ಕ ವಸ್ತ್ರವನ್ನು ಧರಿಸುವುದು ಅರಸನ ಭೋಗಗಳಲ್ಲೊಂದೆಂದು ಅಲ್ಲಿ ಗಣನೆ. ಕೋಗಳಿಯೂ ಉಚ್ಚಂಗಿಯೂ ಆ ಚಾಲುಕ್ಯರ ಆಳಿಕೆಗೆ ಒಳಪಟ್ಟಿದ್ದ ನೆಲ. ಆದರೆ ಅದೇ ಕಾಲದ ಶಿಲ್ಪದಿಂದ ಚಳಿಗಾಲದ ಉಡುಪನ್ನು ತಿಳಿಯಹೋದರೆ ನಿರಾಶೆಯಾಗುವುದು. ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯ ಮದನಿಕೆಯರ ಮೈಮೇಲೆ ಆಭರಣಗಳ ಒಂದೊಂದು ಮಣಿಯನ್ನೂ ಎಣಿಸಬಹುದು. ಹೊದಿಕೆಯನ್ನು ಮಾತ್ರ ಕಾಣಲಾಗದು. ಶಿಲ್ಪಿಯ ಲೋಕದಲ್ಲಿ ಪುಷ್ಯಮಾಸವಿಲ್ಲ.

ವಿಜಯನಗರದ ಕಾಲಕ್ಕೆ ಬರುವಾಗ ಆಸ್ಥಾನದ ಉಡುಪಿನಲ್ಲಿ ದೊಡ್ಡದೊಂದು ಬದಲಾವಣೆಯನ್ನು ಕಾಣಬಹುದು. ಅರಬ್ಬೀ ಪಾರಸೀ ದೇಶಗಳ ಕಡೆಯಿಂದ ತೋಳುಳ್ಳ ಉದ್ದನೆಯ ನಿಲುವಂಗಿಯೂ ಮೊನೆಯಾದ ಎತ್ತರದ ಟೊಪ್ಪಿಗೆಯೂ ಬಂದು, ಕಬಾಯಿ, ಕುಲ್ಲಾಯಿ ಎಂಬ ಹೆಸರುಗಳಿಂದ ದರ್ಬಾರಿನ ಲಾಂಛನಗಳಾದವು. 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನು ಚಿನ್ನದ ಗುಲಾಬಿಗಳ ಕಸೂತಿಯುಳ್ಳ ಬಿಳಿಯ ಉಡುಪನ್ನೂ ಜರತಾರಿಯ ಟೊಪ್ಪಿಗೆಯನ್ನೂ ಧರಿಸಿದ್ದನೆಂದೂ, ಕಾಲುಗಳು ಮಾತ್ರ ಬರಿಯವಾಗಿದ್ದುವೆಂದೂ ಬರೆದಿಟ್ಟಿದ್ದಾನೆ. ಹೊಲಿದ ವಸ್ತ್ರವು ಪದವಿಯ ಗುರುತಾದೊಡನೆ ಹೊಲಿಯದ ಕಂಬಳಿಯು ಹಳ್ಳಿಯ ಗುರುತಾಗಿ ಉಳಿಯಿತು. ಅರಮನೆಯು ಕುರಿಯನ್ನೂ ಮಗ್ಗವನ್ನೂ ಮರೆಯಿತೆಂದಲ್ಲ. ಶಾಸನಗಳಲ್ಲಿ ಬರುವ ಮಗ್ಗದೆರೆ, ಹುಲ್ಲುಬನ್ನಿ ಎಂಬ ತೆರಿಗೆಗಳೇ ಅದಕ್ಕೆ ಸಾಕ್ಷಿ. ನೇಯ್ದವನಿಂದ ತೆರಿಗೆಯನ್ನು ಪಡೆದರು. ನೇಯ್ದುದನ್ನು ಸಭೆಗೆ ಉಟ್ಟು ಬರಲಿಲ್ಲ.

ಕಾಲವು ಈ ಆಸ್ಥಾನದ ಟೊಪ್ಪಿಗೆಯನ್ನು ಎಲ್ಲಿಗೆ ತಂದು ಬಿಟ್ಟಿತೆಂಬುದು ಮನೆಮನೆಯವರೂ ಬಲ್ಲ ಸಂಗತಿ. ಸಾಮಂತರು ತೊಟ್ಟ ಕುಲ್ಲಾಯಿಯು ಕನ್ನಡದ ತಾಯಂದಿರ ಕೈಯಲ್ಲಿ ಕುಲಾವಿಯಾಗಿ ಕೂಸಿನ ಕಿವಿಯನ್ನು ಮುಚ್ಚುವುದು. ಅದರ ಜೊತೆಗೆ ಖಣದ ಕುಂಚಿಗೆ, ಹಳೆಯ ಸೀರೆಯ ತುಂಡುಗಳನ್ನು ಒಂದರ ಮೇಲೊಂದಿಟ್ಟು ಹೊಲಿದ ಕೌದಿ. ಚಳಿಯನ್ನು ತಡೆಯುವುದೂ ಚೆಲುವಾಗಿರುವುದೂ ಒಂದೇ ಎಂಬ ಹಳೆಯ ಬುದ್ಧಿಯು ಕೂಸಿನ ತೊಟ್ಟಿಲಿನಲ್ಲಿಯಾದರೂ ಉಳಿದುಕೊಂಡಿತು.

1800ರಲ್ಲಿ ಈ ಸೀಮೆಯು ನಿಜಾಮನಿಂದ ಇಂಗ್ಲಿಷರ ಕೈಸೇರಿತು. ಮರುವರ್ಷವೇ ನೆರೆಯ ಮೈಸೂರಿನ ಹರಿಹರ, ದಾವಣಗೆರೆಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ಆ ಭಾಗದಲ್ಲಿ ಕಂಬಳಿಯ ನೇಯ್ಗೆಯೇ ಪ್ರಧಾನವಾದ ಕೈಗಾರಿಕೆಯೆಂದು ಕಂಡನು. 1876ರಿಂದ 1878ರವರೆಗಿನ ಘೋರ ಕ್ಷಾಮದಲ್ಲಿ ಮದರಾಸು ಆಧಿಪತ್ಯದಲ್ಲಿಯೇ ಅತ್ಯಂತ ಹೆಚ್ಚಾಗಿ ಬಾಧೆಪಟ್ಟ ಜಿಲ್ಲೆಗಳಲ್ಲಿ ಬಳ್ಳಾರಿಯೊಂದು; ಜನರೊಡನೆ ದನಕುರಿಗಳೂ ಅಳಿದುವು. ಮುಂದೆ 1880ರ ದಶಕದಲ್ಲಿ ಬೆಂಗಳೂರಿನ ಉಣ್ಣೆಯ ಗಿರಣಿಯು ಬಿನ್ನಿ ಕಂಪೆನಿಯ ಆಡಳಿತದಲ್ಲಿ ಬೆಳೆಯಿತು. 20ನೆಯ ಶತಮಾನದ ಮೊದಲ ದಶಕದಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ರೈಲುಹಾದಿ ಬಂದಿತು. ಗಿರಣಿಯ ನುಣುಪಾದ ಬಟ್ಟೆಯು ಸಂತೆಗೆ ಬಂದಂತೆ ವಕೀಲರೂ ಉಪಾಧ್ಯಾಯರೂ ಕೋಟು, ರುಮಾಲು, ಶಾಲುಗಳಿಗೆ ಒಲಿದರು. ಸನ್ಮಾನವೆಂದರೆ ಶಾಲು ಹೊದಿಸುವುದೆಂದಾಯಿತು. 1953ರಲ್ಲಿ ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಸೇರಿತು. ಮುಂಡಗೋಡಿನಲ್ಲಿ 1966ರಲ್ಲಿ ನೆಲೆನಿಂತ ಟಿಬೇಟಿನವರು ಚಳಿಗಾಲದಲ್ಲಿ ಊರೂರಿಗೆ ಸ್ವೆಟರುಗಳನ್ನು ತಂದು ಮಾರಿದರು. 2021ರಲ್ಲಿ ಈ ಐದು ತಾಲ್ಲೂಕುಗಳೂ ಹೊಸಪೇಟೆಯೂ ಕೂಡಿ ವಿಜಯನಗರ ಜಿಲ್ಲೆಯಾದುವು. ಇಷ್ಟರೊಳಗೆ ಕಂಬಳಿಯು ಓದಿದವರ ಮನೆಯಲ್ಲಿ ಅಟ್ಟವನ್ನೇರಿದ್ದಿತು.

ಇದು ಉಣ್ಣೆಯ ದೋಷವೋ, ನೋಡುವವರ ಕಣ್ಣಿನ ದೋಷವೋ ಎಂಬುದನ್ನು ಸ್ಕಾಟ್‌ಲೆಂಡಿನ ದೃಷ್ಟಾಂತದಿಂದ ತೂಗಿ ನೋಡಬಹುದು. ಅಲ್ಲಿನ ಬೆಟ್ಟಗಾಡಿನ ಜನರ ಪ್ಲೇಡ್ ಎಂಬುದು ಕಂಬಳಿಯ ಒಡಹುಟ್ಟಿನಂತಹದು. ಹೊಲಿಯದ ಒಂದೇ ಉಣ್ಣೆಯ ವಸ್ತ್ರವನ್ನು ಹಗಲು ಸೊಂಟಕ್ಕೂ ಹೆಗಲಿಗೂ ಸುತ್ತಿ, ರಾತ್ರಿ ಅದನ್ನೇ ಹೊದೆದು ಮಲಗುತ್ತಿದ್ದರು. ನಗರದವರು ಅದನ್ನು ಕಾಡುಜನರ ಉಡುಪೆಂದು ಹಳಿದರು. ದಂಗೆಯು ಅಡಗಿದ ಮೇಲೆ, 1746ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ಆ ಉಡುಪನ್ನು ಕಾಯಿದೆಯಿಂದ ನಿಷೇಧಿಸಿತು. 1782ರಲ್ಲಿ ನಿಷೇಧವು ರದ್ದಾಯಿತು. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆಯು ಎಡಿನ್‌ಬರೋ ನಗರಕ್ಕೆ ಬಂದಾಗ, ಕಾದಂಬರಿಕಾರ ವಾಲ್ಟರ್ ಸ್ಕಾಟನ ಏರ್ಪಾಡಿನಂತೆ, ಅದೇ ಬೆಟ್ಟಗಾಡಿನ ಉಡುಪನ್ನು ತೊಟ್ಟು ಸಭೆಯಲ್ಲಿ ಕಾಣಿಸಿಕೊಂಡನು. ಎಪ್ಪತ್ತಾರು ವರ್ಷಗಳಲ್ಲಿ ಕುರಿಯ ಉಣ್ಣೆಯೇನೂ ಬದಲಾಗಲಿಲ್ಲ, ಉಟ್ಟವರು ಬದಲಾದರು. ಗಾಂಧೀಜಿಯವರು 1931ರಲ್ಲಿ ಲಂಡನಿನ ಚಳಿಯಲ್ಲಿ ಮೊಳಕಾಲಿನ ಪಂಚೆ ಮತ್ತು ಶಾಲಿನಲ್ಲಿಯೇ ಚಕ್ರವರ್ತಿಯ ಅರಮನೆಗೆ ಹೋಗಿಬಂದುದೂ ಇದೇ ಪಾಠವನ್ನು ಹೇಳುವುದು.

ಈ ಪಾಠವನ್ನು ಕಲಿಯಲು ವಿಳಂಬ ಮಾಡುವಂತಿಲ್ಲ. ದಖನಿನ ಒರಟು ಉಣ್ಣೆಗೆ ಈಗ ಬೆಲೆಯಿಲ್ಲ. ಕುರಿಯನ್ನು ಮಾಂಸಕ್ಕಾಗಿ ಸಾಕುವುದೇ ಹೆಚ್ಚು. ಹಲವೆಡೆ ಉಣ್ಣೆಯನ್ನು ಕತ್ತರಿಸುವ ಕೂಲಿಯೇ ಉಣ್ಣೆಯ ಬೆಲೆಯನ್ನು ಮೀರುವುದರಿಂದ, ಕತ್ತರಿಸಿದುದನ್ನು ಹೊಲದ ಬದುವಿನಲ್ಲಿ ಎಸೆದು ಹೋಗುವರು. ಉಣ್ಣೆಯಿಲ್ಲದ ಬೇರೆ ತಳಿಗಳ ಕುರಿಗಳೂ ಹಿಂಡುಗಳಲ್ಲಿ ಸೇರಿವೆ. ಕರಿಯ ಉಣ್ಣೆಯ ಕುರಿ, ರಾಟೆಯ ಮುಂದೆ ಕುಳಿತ ಮುದುಕಿ, ಹುಣಸೆ ಬೀಜದ ಸರಿಯ ಹದವನ್ನು ಬಲ್ಲ ನೇಕಾರ ಈ ಮೂವರಲ್ಲಿ ಒಬ್ಬರು ಇಲ್ಲವಾದರೂ ಉಳಿದಿಬ್ಬರಿಗೆ ಕೆಲಸವಿಲ್ಲ. ಆಗ ಮೈಲಾರದ ಗೊರವನಿಗೂ ಮದುವೆಯ ಗದ್ದುಗೆಗೂ ಗಿರಣಿಯ ಕಂಬಳಿಯೇ ಗತಿಯಾಗುವುದು.

ಕಂಬಳಿಗೆ ಗೌರವವನ್ನು ತರಲು ಉತ್ಸವಗಳು ಬೇಕಿಲ್ಲ. ಅದನ್ನು ಉಡುವವರು ಬೇಕು. ಮೈಗೆ ಚುಚ್ಚುವುದೆಂಬ ಆಕ್ಷೇಪಣೆಗೆ ಪರಿಹಾರವು ಹಿರಿಯರ ರೂಢಿಯಲ್ಲಿಯೇ ಇದೆ: ಒಳಗೆ ಹತ್ತಿಯ ತುಂಬುತೋಳಿನ ಅಂಗಿಯೋ ಕುಪ್ಪಸವೋ, ಮೇಲೆ ಮರಿಯುಣ್ಣೆಯ ತೆಳುವಾದ ಕಂಬಳಿ. ಬಿಳಿಯ ಪಂಚೆಯ ಮೇಲೆ ಕರಿಯ ಕಂಬಳಿಯು ಒಪ್ಪುವಂತೆ ಇಳಕಲ್ಲಿನ ಕೆಂಪು ಸೆರಗಿನ ಪಕ್ಕದಲ್ಲಿಯೂ ಒಪ್ಪುವುದು. ಪುಷ್ಯದ ಬೆಳಗಿನಲ್ಲಿ ಕೊಟ್ಟೂರಿನ ಗುಡಿಗೋ ಹರಪನಹಳ್ಳಿಯ ಸಭೆಗೋ ಹೊರಟ ಓದುಬಲ್ಲ ಗೃಹಸ್ಥನೊಬ್ಬನು ಅಟ್ಟದ ಮೇಲಿನ ಅಜ್ಜನ ಕಂಬಳಿಯನ್ನು ಕೊಡವಿ ಹೆಗಲಿಗೇರಿಸಿದರೆ, ದೇವರಿಗೆ ಗದ್ದುಗೆಯಾದ ವಸ್ತ್ರವು ಮನುಷ್ಯನ ಹೆಗಲಿಗೆ ಕಡಿಮೆಯಾಗದೆಂಬುದು ನೋಡಿದವರಿಗೆ ತಾನಾಗಿಯೇ ತಿಳಿಯುವುದು.