ಬೆರಳು ತುಂಡಾದ ಹುಡುಗ ಮತ್ತು ಬ್ಲ್ಯಾಕ್ ಸಬತ್

ಇವತ್ತು ಹೆವಿ ಮೆಟಲ್ ಕಥೆ. ಇಯರ್‌ಫೋನ್ ಹಾಕ್ಕೊಂಡಿದ್ರೆ ಹೆದರಬೇಡಿ, ಕಿರುಚಾಟ ಇಲ್ಲ, ಬರೀ ಮಾತು.

1965, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಟೋನಿ ಅಯೋಮಿ ಅನ್ನೋ 17ರ ಹುಡುಗನಿಗೆ ತಗಡಿನ ಕಾರ್ಖಾನೆಯಲ್ಲಿ ಅದು ಕೊನೆಯ ದಿನ. ಕೆಲಸ ಬಿಟ್ಟು ಬ್ಯಾಂಡ್ ಜೊತೆ ಹೊರಡೋ ತಯಾರಿ. ಪ್ರೆಸ್ ಯಂತ್ರ ನಡೆಸುವವರು ಅವತ್ತು ಬಂದಿರಲಿಲ್ಲ, ಅಭ್ಯಾಸವಿಲ್ಲದ ಇವನನ್ನು ಅಲ್ಲಿ ನಿಲ್ಲಿಸಿದರು. ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅಯೋಮಿ ಎಡಚ. ಅಂದ್ರೆ, ಗಿಟಾರಿನ ತಂತಿ ಒತ್ತಬೇಕಾದ ಕೈಯೇ ಅದು.

ಕಾರ್ಖಾನೆಯ ಮ್ಯಾನೇಜರ್ ಒಂದು ರೆಕಾರ್ಡ್ ತಂದು ಕೇಳಿಸಿದರು. ನುಡಿಸಿದವರು ಜ್ಯಾಂಗೊ ರೈನ್‌ಹಾರ್ಟ್, ಬೆಂಕಿ ಅನಾಹುತದಲ್ಲಿ ಎರಡು ಬೆರಳು ಸ್ವಾಧೀನ ಕಳೆದುಕೊಂಡ ಜ್ಯಾಝ್ ಗಿಟಾರ್ ವಾದಕ. ಅಯೋಮಿ ಪಾತ್ರೆ ತೊಳೆಯುವ ಲಿಕ್ವಿಡ್‌ನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಹಳೇ ಜಾಕೆಟ್ಟಿನ ಚರ್ಮ ಅಂಟಿಸಿದ. ದಪ್ಪ ತಂತಿ ಒತ್ತಿದರೆ ನೋವು, ಅದಕ್ಕೇ ಬ್ಯಾಂಜೋದ ತೆಳು ತಂತಿ ಕಟ್ಟಿದ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಹೊತ್ತಿಗೆ ಶ್ರುತಿಯನ್ನೇ ಮೂರು ಸೆಮಿಟೋನ್ ಇಳಿಸಿಬಿಟ್ಟ. ತಂತಿ ಸಡಿಲವಾಯಿತು, ಸದ್ದು ಭಾರವಾಯಿತು.

‘ಆ ಅಪಘಾತವೇ ಹೆವಿ ಮೆಟಲ್ ಹುಟ್ಟಿಸಿತು’ ಅಂತ ಸುಮಾರು ಜನ ಹೇಳ್ತಾರೆ. ನಾನು ಒಪ್ಪಲ್ಲ. 1970ರ ಫೆಬ್ರುವರಿ 13ಕ್ಕೆ ಬಂದ ಮೊದಲ ಆಲ್ಬಮ್ ಕೇಳಿ. ಶ್ರುತಿ ಇನ್ನೂ ಇಳಿದಿಲ್ಲ, ಆದರೂ ಎದೆ ಮೇಲೆ ಕಲ್ಲು ಇಟ್ಟ ಹಾಗೆ. ಬೇಸ್ ನುಡಿಸುವ ಗೀಜರ್ ಬಟ್ಲರ್‌ಗೆ ಹೋಲ್ಸ್ಟ್‌ನ ‘ಮಾರ್ಸ್’ ಹುಚ್ಚು. ಅದರ ಗುಂಗಿನಲ್ಲೇ ಶೀರ್ಷಿಕೆ ಹಾಡಿನ ಮೂರು ಸ್ವರ ಹುಟ್ಟಿದ್ದು. ಅಲ್ಲಿನ ಆ ಭಯಂಕರ ಅಂತರ ಏನು ಗೊತ್ತಾ? ಷಡ್ಜದಿಂದ ಪ್ರತಿ ಮಧ್ಯಮಕ್ಕೆ ಇರೋವಷ್ಟೇ ದೂರ. ನಮ್ಮ ಕಲ್ಯಾಣಿಯಲ್ಲೂ ಇರೋದು ಅದೇ ಮಧ್ಯಮ, ಅಲ್ಲಿ ಯಾರಿಗೂ ದೆವ್ವ ಕಾಣಿಸಲ್ಲ!

ಬೆರಳು ಕತ್ತರಿಸಿದ ಯಂತ್ರಕ್ಕೆ ಸಂಗೀತದ ಕೀರ್ತಿ ಯಾಕೆ ಕೊಡಬೇಕು? ಈ ನಾಲ್ವರೂ ಬೆಳೆದದ್ದು ಯುದ್ಧದ ಬಾಂಬಿಗೆ ಸಿಕ್ಕಿದ್ದ ಊರಿನಲ್ಲಿ. ಹಾಡುವ ಓಝಿ ಆಸ್ಬೋರ್ನ್ ಕಸಾಯಿಖಾನೆಯಲ್ಲಿ ದುಡಿದ, ಕಾರಿನ ಹಾರ್ನ್ ಕಾರ್ಖಾನೆಯಲ್ಲೂ ದುಡಿದ, ಕಳ್ಳತನ ಮಾಡಿ ಜೈಲಿಗೂ ಹೋಗಿ ಬಂದ. ಹೂವು, ಪ್ರೀತಿ, ಶಾಂತಿ ಅಂತ ಹಾಡೋ ಹಿಪ್ಪಿ ಲೋಕ ಇವರದ್ದಲ್ಲ. ವಿಮರ್ಶಕರು ಬೈದರು. ಅದೇ ವರ್ಷ ‘ಪ್ಯಾರನಾಯ್ಡ್’ ಆಲ್ಬಮ್ ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು. ಆ ಹೆಸರಿನ ಹಾಡು ಆಲ್ಬಮ್‌ನಲ್ಲಿ ಉಳಿದ ಜಾಗ ತುಂಬಿಸೋಕೆ ಅಂತ ಗಡಿಬಿಡಿಯಲ್ಲಿ ಮಾಡಿದ್ದು.

1979ರಲ್ಲಿ ಓಝಿಯನ್ನು ಹೊರಗೆ ಹಾಕಿದರು. ಕುಡಿತ, ಡ್ರಗ್ಸ್. ಆಮೇಲಿನ ಸೇರೋದು-ಬಿಡೋದು ಎಲ್ಲ ಹೇಳ್ತಾ ಹೋದ್ರೆ ಸಂಚಿಕೆ ಮುಗಿಯಲ್ಲ.

2025ರ ಜುಲೈ 5. ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಫುಟ್‌ಬಾಲ್ ಮೈದಾನ, ಓಝಿ ಬೆಳೆದ ಮನೆಗೆ ನಡೆದು ಹೋಗುವಷ್ಟು ಹತ್ತಿರ. ಅವರ ಮುಂದೆ ನುಡಿಸಿದವರಲ್ಲಿ ಮೆಟಾಲಿಕಾ ಕೂಡ ಇತ್ತು, 2011ರಲ್ಲಿ ನಮ್ಮ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದ ಅದೇ ಮೆಟಾಲಿಕಾ. ಕೊನೆಗೆ ಮೂಲ ನಾಲ್ವರೂ ವೇದಿಕೆಗೆ ಬಂದರು, ಡ್ರಮ್ಸ್‌ಗೆ ಬಿಲ್ ವಾರ್ಡ್ ಕೂಡ. ಪಾರ್ಕಿನ್ಸನ್ಸ್‌ನಿಂದ ನಿಲ್ಲಲಾಗದ ಓಝಿ ಸಿಂಹಾಸನದಲ್ಲಿ ಕೂತೇ ಹಾಡಿದ. ನಾಲ್ಕು ಹಾಡು, ಅಷ್ಟೇ. ಜುಲೈ 22ಕ್ಕೆ ತೀರಿಕೊಂಡ, 76 ವರ್ಷ.

ಹೊಸಬರು ‘ಪ್ಯಾರನಾಯ್ಡ್’ ಬಿಟ್ಟು ‘ಮಾಸ್ಟರ್ ಆಫ್ ರಿಯಾಲಿಟಿ’ಯಿಂದ ಶುರು ಮಾಡಿ. ಮೊದಲ ಹಾಡು ಕೆಮ್ಮಿನಿಂದ ಶುರುವಾಗುತ್ತೆ, ಅದು ಅಯೋಮಿಯದ್ದೇ ಕೆಮ್ಮು. ಮುಂದಿನ ವಾರ ಸಿಗೋಣ.